ಯಾವ ಮಂಡಿ, ಅತ್ತೆ?

ಇವತ್ತು ಭಾನುವಾರ. ಬೆಳಿಗ್ಗೆ ಎದ್ದು ನಲ್ಲಿ ನೀರು ಹಿಡಿದೆ. ಎರಡು ಬಕೆಟ್ಟು, ಮೂರು ಬಿಂದಿಗೆ. ಹಾಲು ಕಾಯಿಸಿದೆ. ಕೋಳಿ ತೊಳೆದು ಉಪ್ಪು ಅರಿಶಿನ ಸವರಿ ಇಟ್ಟೆ. ಧನಿಯ ಹುರಿದು, ಕಾಯಿ ತುರಿದು ಮಸಾಲೆ ರುಬ್ಬಿದೆ. ನಮ್ಮ ಮನೆಯವರ ಅಂಗಿ, ಅತ್ತೆಯ ಬಿಳಿ ಸೀರೆ ಇಸ್ತ್ರಿ ಮಾಡಿದೆ. ಅಡಿಗೆಮನೆ ಗುಡಿಸಿದೆ. ಅಕ್ಕಿ ಡಬ್ಬದ ಸುತ್ತಲೂ ಗುಡಿಸಿದೆನೇ ಹೊರತು ಡಬ್ಬವನ್ನು ಕದಲಿಸಲಿಲ್ಲ. ಯಾಕೆ ಎನ್ನುವುದನ್ನು ಮುಂದೆ ಹೇಳುತ್ತೇನೆ, ಹೇಳಲೇಬೇಕು. ಒಂಬತ್ತೂವರೆಗೆ ಅತ್ತೆಯನ್ನು ಕರೆದುಕೊಂಡು ಚರ್ಚಿಗೆ ಹೊರಟೆ. ದಾರಿಯುದ್ದಕ್ಕೂ ಅವಳು ಕುಂಟಿದಳು. ಬಲಗಾಲು.

ಹೋದ ಭಾನುವಾರ ಎಡಗಾಲು ಕುಂಟಿದ್ದಳು!

ನನ್ನ ಅತ್ತೆ ಇಡೀ ಹುಣಸೂರಿಗೇ ಅತ್ಯಂತ ಹಿರಿಯ ಯುವತಿ. ತಮಾಷೆಯಲ್ಲ, ಇದಕ್ಕೆ ದಾಖಲೆಯಿದೆ. ನಮ್ಮ ಚರ್ಚಿನ ಯುವಜನ ಸಂಘದ ಹಾಜರಿ ಪುಸ್ತಕದಲ್ಲಿ ಎಂಟು ಹೆಸರುಗಳಿವೆ. ಏಳು ಜನಕ್ಕೆ ಹದಿನೆಂಟರಿಂದ ಇಪ್ಪತ್ತೈದರ ಒಳಗೆ ವಯಸ್ಸು. ಎಂಟನೆಯ ಸದಸ್ಯೆಗೆ ಅರವತ್ತೇಳು. ಅದೇ ನಮ್ಮತ್ತೆ. ಅತ್ತೆ ಅಂದರೆ ಗಂಡನ ತಾಯಿಯಲ್ಲ, ಅಪ್ಪನ ತಂಗಿ. ನನ್ನನ್ನು ಸಾಕಿದವಳು. ಅದಕ್ಕೇ ಅವಳಿಗೆ ಬಹುವಚನ ಹಾಕಲು ನನ್ನ ಬಾಯಿ ಬಗ್ಗುವುದಿಲ್ಲ. ಓದುವವರು ತಪ್ಪು ತಿಳಿಯಬಾರದು.

ನಮ್ಮ ಚರ್ಚಿನ ಸಭೆಯಲ್ಲಿ ಒಂದು ಪದ್ಧತಿ ಹಿಂದಿನಿಂದ ಬಂದಿದೆ. ಮದುವೆಯಾಗುವ ತನಕ ಹುಡುಗಿಯರು ಯುವಜನ ಸಂಘ. ತಾಳಿ ಬಿದ್ದ ಮೊದಲ ಭಾನುವಾರದಿಂದ ಸ್ತ್ರೀಸಂಘ. ನಡುವೆ ಇನ್ನೊಂದು ಬಾಗಿಲಿಲ್ಲ. ಅತ್ತೆ ಹದಿನೆಂಟಕ್ಕೆ ಯುವಜನ ಸಂಘ ಸೇರಿದಳು. ಮದುವೆಯಾಗಲಿಲ್ಲ. ಹಾಗಾಗಿ ಅಲ್ಲೇ ಉಳಿದಳು. ನಿಯಮ ಬರೆದವರು ಇಂಥದ್ದೊಂದು ಆಸಾಮಿ ಹುಟ್ಟುತ್ತದೆ ಎಂದು ಕನಸು ಕಂಡಿದ್ದರೇ?

ಹಿಂದೆ ಇದ್ದ ಪಾದ್ರಿ ಅಯ್ಯನವರೊಬ್ಬರು ಅವಳನ್ನು ಉಪಾಯವಾಗಿ ಸ್ತ್ರೀಸಂಘಕ್ಕೆ ದಾಟಿಸಲು ನೋಡಿದರು.

"ಅಮ್ಮಾ, ನಿಮ್ಮ ವಯಸ್ಸಿನವರೆಲ್ಲ ಸ್ತ್ರೀಸಂಘದಲ್ಲಿದ್ದಾರೆ. ನೀವೂ ಅಲ್ಲಿಗೆ ಬಂದರೆ ಚೆನ್ನ."

"ಬತ್ತೀನಿ ಅಯ್ಯನೋರೇ, ನಂಗೇನು? ಗಂಡ ಎಲ್ಲವ್ನೆ ತೋರ್ಸಿ. ನಾಳೆನೇ ಬತ್ತೀನಿ!"

ಅಯ್ಯನವರು ಮತ್ತೆ ಆ ಮಾತೆತ್ತಲಿಲ್ಲ. ವರ್ಗವಾಗಿ ಹೋಗುವಾಗಲೂ ಅವಳ ಕಣ್ಣು ತಪ್ಪಿಸಿಯೇ ಹೋದರು.

ಸಂಘದ ಮೀಟಿಂಗಿನಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಬ್ರದರ್, ಸಿಸ್ಟರ್ ಎಂದು ಕರೆಯಬೇಕು. ಈಗಿನ ಅಧ್ಯಕ್ಷನಿಗೆ ಇಪ್ಪತ್ತನಾಲ್ಕು ವರ್ಷ. ಸಂಡೆ ಸ್ಕೂಲಿನಲ್ಲಿ ಅವನ ಮೂಗು ಒರೆಸಿದವಳೇ ಅತ್ತೆ. ಮೊದಲ ಮೀಟಿಂಗಿನಲ್ಲಿ ಅವನು ಬಾಯಿ ತಪ್ಪಿ "ಅಜ್ಜಿ" ಅಂದುಬಿಟ್ಟ. "ಸಿಸ್ಟರ್ ಅನ್ಲಾ ಅಧ್ಯಕ್ಷ! ಮನೇಲಿ ಅಜ್ಜಿ, ಇಲ್ಲಿ ಸಿಸ್ಟರ್!" ಅಂದಳಂತೆ. ಪಾಪ, ಅವತ್ತಿನಿಂದ ಅವನು ರಸ್ತೆಯಲ್ಲಿ ಸಿಕ್ಕಾಗಲೂ ಏನೆಂದು ಕರೆಯಬೇಕೋ ತಿಳಿಯದೆ ಬರೀ ಕೈ ಎತ್ತುತ್ತಾನೆ.

ಯೌವನದಿಂದ ಅರವತ್ತರ ತನಕ ಅತ್ತೆ ಮಾಡಿದ್ದು ಹೊಗೆಸೊಪ್ಪಿನ ಕೆಲಸ. ಬೆಳಗಿನ ಬಸ್ಸು ಹಿಡಿದು ಗಾವಡಗೆರೆ ಕಡೆಯ ಸೊಪ್ಪು ಬೇಯಿಸುವ ಬ್ಯಾರನ್ನುಗಳಿಗೆ ಹೋಗುತ್ತಿದ್ದಳು. ಬೆಂಕಿಯ ಕಾವಿನಲ್ಲಿ ಒಣಗಿ ಬಂದ ಸೊಪ್ಪನ್ನು ಒಂದೊಂದೇ ಎಲೆಯಾಗಿ ಬೆರಳಿನಲ್ಲಿ ತೀಡಿ ನೋಡಿ, ಬಣ್ಣ ನೋಡಿ, ಗ್ರೇಡ್ ಮಾಡುವ ಕೆಲಸ. ಬ್ರೈಟು, ಮೀಡಿಯಮ್ಮು, ಲೋ. ಕೆಲಸ ಬಿಟ್ಟು ಏಳು ವರ್ಷವಾದರೂ ಗ್ರೇಡ್ ಮಾಡುವುದನ್ನು ಬಿಟ್ಟಿಲ್ಲ. ನನ್ನ ಸಾರು ಸಾಮಾನ್ಯವಾಗಿ ಮೀಡಿಯಮ್ಮು. ನಮ್ಮ ಮನೆಯವರನ್ನು ಮದುವೆಗೆ ಮುಂಚೆ ನೋಡಲು ಹೋದಾಗ ಅಂಗಿಯ ತೋಳನ್ನು ಹೆಬ್ಬೆರಳಲ್ಲಿ ತೀಡಿ ನೋಡಿ, "ಬ್ರೈಟ್ ಅಲ್ಲ, ಆದ್ರೆ ಬಾಳ್ಕೆ ಬತ್ತದೆ" ಅಂದಿದ್ದಳು. ಚರ್ಚಿನಲ್ಲಿ ಅಯ್ಯನವರು ಪ್ರಸಂಗ ಹೇಳಿ ಮುಗಿಸಿದರೆ ಸಾಕು, ನನ್ನ ಕಿವಿಗೆ ಬಾಗುತ್ತಾಳೆ: "ಲೋ ಗ್ರೇಡು ಕಣೇ. ಬೆಂಕಿ ಸಾಲ್ದು. ಇನ್ನೂ ಹಸೀಗವ್ನೆ."

ಆ ಕೆಲಸದಿಂದಾಗಿ ಅತ್ತೆಯ ಬದುಕಿನಲ್ಲಿ ಒಂದು ಆಸೆ ಉಳಿದುಹೋಯಿತು. ಯುವಜನ ಸಂಘದ ಕ್ಯಾಂಪು ಪ್ರತಿವರ್ಷ ದಸರಾ ರಜೆಯಲ್ಲಿ ನಡೆಯುತ್ತಿತ್ತು. ಬ್ಯಾರನ್ನಿಗೆ ಬೆಂಕಿ ಹಾಕುವ ಕಾಲವೂ ಅದೇ. ಒಂದು ದಿನ ತಪ್ಪಿಸಿದರೆ ಜಾಗ ಇನ್ನೊಬ್ಬಳ ಪಾಲು. ಸಂಘದವರು ಬಸ್ಸು ಹತ್ತುವಾಗ ಅವಳು ಇನ್ನೊಂದು ಬಸ್ಸು ಹತ್ತುತ್ತಿದ್ದಳು. "ಮುಂದಿನ ಸಲ ಬತ್ತೀನಿ ಬುಡ್ರಿ" ಅನ್ನುತ್ತಿದ್ದಳು. ಅವಳು ಕೆಲಸ ಬಿಡುವ ಹೊತ್ತಿಗೆ ಕ್ಯಾಂಪುಗಳೇ ನಿಂತುಹೋಗಿದ್ದವು. ನಲವತ್ತೊಂಬತ್ತು ವರ್ಷದ ಸದಸ್ಯತ್ವದಲ್ಲಿ ಒಂದೇ ಒಂದು ಕ್ಯಾಂಪಿಗೂ ಹೋಗದ ಯುವತಿ ಆಕೆ!

ಹೀಗಿರುವಾಗ ಈ ವರ್ಷ ಅಧ್ಯಕ್ಷ ಎದ್ದು ನಿಂತು ಹೇಳಿದ: ಸಂಘದವರು ಹತ್ತು ದಿನ ಶ್ರೀಲಂಕಾಕ್ಕೆ ಸೇವೆಗೆ ಹೋಗುತ್ತಾರೆ. ಗುಡ್ಡದ ಮೇಲಿನ ಟೀ ತೋಟದ ಊರು. ಅಲ್ಲಿಯ ಸಣ್ಣ ಶಾಲೆಗೆ ಬಣ್ಣ ಹೊಡೆಯುವುದು, ಮಕ್ಕಳಿಗೆ ಹಾಡು ಕಲಿಸುವುದು, ಮನೆಮನೆಗೆ ಹೋಗಿ ಪ್ರಾರ್ಥನೆ ಮಾಡುವುದು.

ಅತ್ತೆ ಅದುವರೆಗೆ ನೋಡಿದ್ದ ವಿದೇಶವೆಂದರೆ ಬೈಲಕುಪ್ಪೆ. ಟಿಬೆಟಿನವರ ಅಂಗಡಿಯಲ್ಲಿ ಒಂದು ಸ್ವೆಟರ್ ಕೊಂಡು ಬಂದು, "ಅಲ್ಲಿ ಜನ ಬೋ ಒಳ್ಳೇರು, ಭಾಷೆ ಒಂದೇ ತೊಡಕು" ಎಂದು ಆರು ತಿಂಗಳು ವರ್ಣಿಸಿದ್ದಳು. ಈಗ ಸಮುದ್ರ ದಾಟುವ ಮಾತು! ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ಹೇಳಿದಳು: "ಪಾಸ್ಪೋರ್ಟ್ ಮಾಡ್ಸು."

ಮೈಸೂರಿಗೆ ನಾನೇ ಕರೆದುಕೊಂಡು ಹೋದೆ. ಬೆರಳಚ್ಚಿನ ಮಿಷನ್ನಿನ ಮುಂದೆ ಕೂತಿದ್ದ ಹುಡುಗಿ ಅತ್ತೆಯ ಬೆರಳನ್ನು ಒತ್ತಿದಳು, ಒದ್ದೆ ಬಟ್ಟೆಯಲ್ಲಿ ಒರೆಸಿದಳು, ಮತ್ತೆ ಒತ್ತಿದಳು. ಮಿಷನ್ನು ಕೆಂಪು ದೀಪ ತೋರಿಸಿತು.

"ರೇಖೆನೇ ಬರ್ತಿಲ್ಲಮ್ಮಾ ನಿಮ್ದು."

"ಎಲ್ಲಿಂದ ಬತ್ತದೆ ಮಗಾ? ಅವೆಲ್ಲ ಗಾವಡಗೆರೆ ಸೊಪ್ಪಿಗೆ ಅಂಟ್ಕೊಂಡು ಯಾವತ್ತೋ ಹೊಂಟೋದ್ವು. ಆ ಸೊಪ್ಪು ಸೇದಿದೋರ್ನ ಕೇಳು!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಕೊನೆಗೆ ಎರಡು ಹೆಬ್ಬೆರಳು, ಒಂದು ಉಂಗುರದ ಬೆರಳಿಗೆ ಮಿಷನ್ನು ಮನಸ್ಸು ಮಾಡಿತು.

ಆಮೇಲೆ ಪೊಲೀಸ್ ವಿಚಾರಣೆ. ಪೇದೆಯೊಬ್ಬರು ಬಂದು ಪಕ್ಕದ ಮನೆಯ ಸಾಬರನ್ನು ಕೇಳಿದರು. ಸಾಬರು ಹಾಸಿಗೆ ಹೊಲಿಯುವವರು, ಮೂವತ್ತು ವರ್ಷದ ನೆರೆ.

"ಈಯಮ್ಮನ ಮೇಲೆ ಏನಾದ್ರೂ ಕೇಸು, ಗಲಾಟೆ?"

"ಕೇಸ್ ಇಲ್ಲ ಸಾರ್. ಆದ್ರೆ ಈ ಬೀದಿ ಮಕ್ಕಳಲ್ಲಿ ಅಕ್ಕನ ಕೈಲಿ ಏಟು ತಿನ್ನದೇ ಇರೋನು ಒಬ್ಬನೂ ಇಲ್ಲ. ನನ್ನ ಮೂರು ಮಕ್ಕಳೂ ಸೇರಿ!"

ಪೇದೆ ನಗುತ್ತಾ ಬರೆದುಕೊಂಡರು. ಏನು ಬರೆದರೋ ಕಾಣೆ, ಪಾಸ್‌ಪೋರ್ಟ್ ಮಾತ್ರ ಬಂತು. ಅತ್ತೆ ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಹಾಡಿನ ಪುಸ್ತಕದೊಳಗಿಟ್ಟಳು. ಸೊಪ್ಪಿನವಳಿಗೆ ತೋರಿಸಿದಳು, ಹಾಲಿನವನಿಗೆ ತೋರಿಸಿದಳು. ಹಜ್ ಯಾತ್ರೆ ಮುಗಿಸಿ ಬಂದಿದ್ದ ಸಾಬರು ಕಾಂಪೌಂಡಿನಾಚೆಯಿಂದಲೇ ಪಾಠ ಹೇಳಿದರು: "ಅಕ್ಕಾ, ಉಪ್ಪಿನಕಾಯಿ ಕೈಚೀಲದಲ್ಲಿ ಇಡಬೇಡ, ಕಿತ್ಕೊಳ್ತಾರೆ. ದೊಡ್ಡ ಬ್ಯಾಗಿಗೆ ಹಾಕು."

ಇಲ್ಲಿಯವರೆಗೆ ನಗು. ಇನ್ನು ನನ್ನ ಸರದಿ.

ಕ್ಯಾಂಪಿಗೆ ಹೋಗುವ ಸದಸ್ಯರು ತುಂಬಿಸಬೇಕಾದ ಫಾರಂ ಒಂದಿದೆ, ಹಳೆಯ ಕಾಲದ್ದು. ಕೊನೆಯಲ್ಲಿ "ಪೋಷಕರ ಸಹಿ" ಎಂದಿದೆ, ಅದರ ಪಕ್ಕ "ಸಂಬಂಧ" ಎಂದಿದೆ. ಈ ಪ್ರವಾಸಕ್ಕೂ ಅದೇ ಫಾರಂ. ಅತ್ತೆ ಈಗಿನ ಅಯ್ಯನವರ ಹತ್ತಿರ ಹೋದಳು.

"ನನ್ನಪ್ಪ ಅವ್ವ ಇಬ್ರೂ ಸಮಾಧಿಲಿ ಅವ್ರೆ ಅಯ್ಯನೋರೇ. ಎಬ್ಬಿಸ್ಕೊಂಡ್ ಬರ್ಲಾ?"

"ಸಿಸ್ಟರ್, ಇಷ್ಟು ವರ್ಷ ನಿಯಮ ತೋರಿಸಿಯೇ ಸಂಘದಲ್ಲಿ ಉಳಿದಿರಿ. ಈಗ ನಿಯಮ ನಿಮ್ಮನ್ನೂ ಹಿಡಿಯುತ್ತದೆ. ಮನೆಯ ಹಿರಿಯರ ಸಹಿ ತನ್ನಿ."

"ಮನೆಗೆ ಹಿರೀಳು ನಾನೇಯ!"

"ಹಾಗಾದರೆ ಕಿರಿಯರದ್ದು ತನ್ನಿ."

ಹೀಗೆ ಆ ಫಾರಂ ನನ್ನ ಕೈಗೆ ಬಂತು. "ಹಾಕೇ, ನೀನೇ ನನ್ ಪೋಷಕಿ," ಎಂದು ನಗುತ್ತಾ ಕೊಟ್ಟಳು. "ಆಮೇಲೆ ಹಾಕ್ತೀನಿ, ಕೈಯೆಲ್ಲ ಹಿಟ್ಟಾಗಿದೆ," ಅಂದೆ. ಆಗಿದ್ದದ್ದು ನಿಜ. ಆದರೆ ಕೈ ತೊಳೆದ ಮೇಲೂ ಹಾಕಲಿಲ್ಲ.

ಯಾಕೆ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅವಳ ಆರೋಗ್ಯದ ಚಿಂತೆ ಎಂದು ಬರೆದರೆ ಓದುವವರು ಒಪ್ಪಿಬಿಡಬಹುದು. ಆದರೆ ಅವಳು ನನಗಿಂತ ಗಟ್ಟಿ. ನಿಜ ಬೇರೆಯೇ ಇತ್ತು. ಸ್ತ್ರೀಸಂಘದ ಮೀಟಿಂಗಿನಲ್ಲಿ ಒಬ್ಬಾಕೆ, "ಏನ್ರೀ, ನಿಮ್ಮನೆ ಯುವತಿ ಫಾರಿನ್ನಿಗೆ ಹೊಂಟವ್ಳಂತೆ?" ಎಂದು ಕೇಳಿ ಸೆರಗು ಬಾಯಿಗೆ ಅಡ್ಡ ಹಿಡಿದಳು. ಉಳಿದವರು ಸೆರಗನ್ನೂ ಹಿಡಿಯದೆ ನಕ್ಕರು. ನನಗೆ ನಾಚಿಕೆಯಾಯಿತು. ಇನ್ನೊಂದು, ಹೇಳಲು ಇನ್ನೂ ಸಣ್ಣದು: ಹತ್ತು ದಿನ ಮುದ್ದೆ ತೊಳಸುವವರು ಯಾರು, ಅಕ್ಕಿ ಆರಿಸುವವರು ಯಾರು, ನಾನು ಅಂಗಡಿಗೆ ಹೋದಾಗ ಮನೆಯಲ್ಲಿರುವವರು ಯಾರು ಎಂದು ಲೆಕ್ಕ ಹಾಕಿದ್ದೆ. ಇಷ್ಟೇ. ಒಬ್ಬಳ ನಲವತ್ತೊಂಬತ್ತು ವರ್ಷದ ಆಸೆಯ ಎದುರಿಗೆ ನಾನು ಇಟ್ಟದ್ದು ಹತ್ತು ದಿನದ ಮುದ್ದೆ.

ನಮ್ಮ ಅಡಿಗೆಮನೆಯ ನೆಲ ಏರುಪೇರು. ಅಕ್ಕಿ ಡಬ್ಬ ಮನೆ ಕಟ್ಟಿದಾಗಿನಿಂದ ಅಲ್ಲಾಡುತ್ತಿತ್ತು. ಒಂದು ಮಧ್ಯಾಹ್ನ ಫಾರಮ್ಮನ್ನು ನಾಲ್ಕು ಮಡಿಕೆ ಮಾಡಿ ಡಬ್ಬದ ಕೆಳಗೆ ಸಿಕ್ಕಿಸಿದೆ. ಹೇಳಿ ಮಾಡಿಸಿದ ಹಾಗೆ ಕೂತಿತು.

ಎರಡು ದಿನದ ಮೇಲೆ ನೋಡಿದರೆ ಫಾರಂ ಫ್ರಿಜ್ಜಿನ ಮೇಲಿತ್ತು! ನಮ್ಮ ಮನೆಯವರು ತೆಗೆದಿರಬೇಕೆಂದು ಮತ್ತೆ ಡಬ್ಬದ ಕೆಳಗಿಟ್ಟೆ. ಮತ್ತೆ ಮೇಲೆ ಬಂತು. ಮತ್ತೆ ಇಟ್ಟೆ. ಮೂರನೆಯ ಸಲವೂ ಬಂತು, ಈ ಸಲ ಪಕ್ಕದಲ್ಲಿ ಪೆನ್ನು ಬೇರೆ. ಆಗಲೂ ಇಟ್ಟೆ. ಆಮೇಲೆ ಅದು ಮೇಲೆ ಬರಲಿಲ್ಲ.

ಫಾರಂ ಕೊಡುವ ಕಡೆಯ ದಿನ ಅಧ್ಯಕ್ಷ ಮನೆ ಬಾಗಿಲಿಗೆ ಬಂದ. "ಆಂಟಿ, ಎಲ್ಲಾರ್ದೂ ಬಂತು, ಅಜ್ಜೀದು ಒಂದೇ ಬಾಕಿ."

ನಾನು ಬಾಗಿಲಲ್ಲೇ ನಿಂತು, ಒಂದು ಚೂರೂ ತಡವರಿಸದೆ ಹೇಳಿದೆ: "ಅವಳಿಗೆ ಮಂಡಿ ನೋವು ಕಣಪ್ಪ. ಡಾಕ್ಟರು ಬೇಡ ಅಂದಿದ್ದಾರೆ."

ಯಾವ ಡಾಕ್ಟರು? ಯಾವ ಮಂಡಿ? ಒಳಗೆ ಅಡಿಗೆಮನೆಯಲ್ಲಿ ಅತ್ತೆ ಹುರುಳಿಕಾಯಿ ಹೆಚ್ಚುತ್ತಿದ್ದಳು. ಚಾಕುವಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಸದ್ದು ಮತ್ತೆ ಶುರುವಾಯಿತು.

ಮಾರನೆಯ ದಿನ ಅತ್ತೆ ಹಾಲಿಗೆ ಹೋಗುವಾಗ ಕುಂಟಿದಳು.

ಮೊದಲು ನನಗೆ ಅರ್ಥವೇ ಆಗಲಿಲ್ಲ. ಗೇಟು ದಾಟುವ ತನಕ ನೆಟ್ಟಗೆ ನಡೆದವಳು ರಸ್ತೆಗೆ ಕಾಲಿಟ್ಟ ಕೂಡಲೇ ಕುಂಟತೊಡಗಿದಳು. ವಾಪಸ್ಸು ಗೇಟಿನೊಳಗೆ ಬಂದದ್ದೇ ಸರಿಹೋಯಿತು. ಕೇಳಿದವರಿಗೆಲ್ಲ ಒಂದೇ ಮಾತು: "ಮಂಡಿ ಕಣ್ರಪ್ಪಾ. ಈ ಸಲ ಬ್ಯಾಡ ಅಂತದೆ." ಪ್ರವಾಸ ತಪ್ಪಿದ್ದಕ್ಕೆ ಕಣ್ಣೀರಿಲ್ಲ, ನನ್ನ ಮೇಲೆ ಒಂದು ಮಾತಿಲ್ಲ. ನಾನು ಹೇಳಿದ ಸುಳ್ಳನ್ನು ಊರ ಮುಂದೆ ಎರಡು ಕಾಲಿನ ಮೇಲೆ ಹೊತ್ತು ತಿರುಗಿದಳು.

ಆದರೆ ಯಾವ ಕಾಲು ಎಂಬುದನ್ನು ಮರೆಯುತ್ತಿದ್ದಳು! ಸೋಮವಾರ ಬಲ, ಬುಧವಾರ ಎಡ. ಸಾಬರ ಮನೆಯಾಕೆ ಮಂಡಿಗೆ ಹಚ್ಚಲು ಎಣ್ಣೆ ಕಾಯಿಸಿ ಕಳಿಸಿದರು. ಅದನ್ನು ತಂದ ಸಾಬರಿಗೆ ಅನುಮಾನ ಬಂತು.

"ಯಾವ ಮಂಡಿ ಅಕ್ಕಾ? ಮೊನ್ನೆ ಎಡಗಡೆ ಇತ್ತಲ್ಲಾ?"

"ನೋವು ಒಂದೇ ಮನೇಲಿ ಕುಂತಿರ್ತದಾ ಸಾಬ್ರೇ? ಆಗೀಗ ನೆಂಟರ ಮನೆಗೂ ಹೋಯ್ತದೆ."

ನಾನು ಒಳಗೆ ನಕ್ಕೆ. ಆ ಏಳು ಜನ ಹೊರಡುವ ದಿನ ಅತ್ತೆ ಒಂದು ಕೆ.ಜಿ. ಹುರುಳಿ ಚಟ್ನಿಪುಡಿ ಮಾಡಿ ಕಟ್ಟಿಕೊಟ್ಟಳು. "ದೊಡ್ ಬ್ಯಾಗಿಗೆ ಹಾಕ್ಲಾ, ಕೈಚೀಲದಲ್ಲಿಟ್ರೆ ಕಿತ್ಕತ್ತಾರೆ," ಎಂದು ಅನುಭವಸ್ಥಳ ಹಾಗೆ ಅಧ್ಯಕ್ಷನಿಗೆ ಹೇಳಿದಳು.

ಇವತ್ತು ಆರಾಧನೆ ಮುಗಿದ ಮೇಲೆ ಅವರ ವರದಿ ಇತ್ತು. ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಫೋಟೊ ತೋರಿಸಿದರು. ಸಮುದ್ರ, ಗುಡ್ಡ, ಹಸಿರು ಬಣ್ಣದ ಶಾಲೆ, ಮೂಗಿಗೂ ಬಣ್ಣ ಮೆತ್ತಿಕೊಂಡ ನಮ್ಮ ಮಕ್ಕಳು. ಅಧ್ಯಕ್ಷ ಹೇಳಿದ: "ಎಂಟು ಜನ ಸದಸ್ಯರಲ್ಲಿ ಏಳು ಜನ ಹೋಗಿದ್ದೆವು. ಒಬ್ಬ ಸಿಸ್ಟರಿಗೆ ಮಂಡಿ ನೋವಿನಿಂದ ಬರಲಾಗಲಿಲ್ಲ." ಎಲ್ಲರೂ ನಮ್ಮ ಬೆಂಚಿನ ಕಡೆ ತಿರುಗಿದರು. ಅತ್ತೆ ತಕ್ಷಣ ಮಂಡಿ ಉಜ್ಜಿಕೊಂಡಳು. ಎಡದ್ದು. ಬರುವಾಗ ಕುಂಟಿದ್ದು ಬಲದ್ದು.

ಆಮೇಲೆ ಒಂದು ಫೋಟೊ ಬಂತು. ಟೀ ಸೊಪ್ಪು ಕೊಯ್ಯುವ ಒಬ್ಬಾಕೆ, ವಯಸ್ಸಾದವಳು, ಎರಡೂ ಅಂಗೈ ಕ್ಯಾಮೆರಾಕ್ಕೆ ತೋರಿಸುತ್ತಾ ನಗುತ್ತಿದ್ದಳು. ಸೊಪ್ಪಿನ ಕರೆ ಹಿಡಿದು ಬೆರಳ ತುದಿಗಳೆಲ್ಲ ಕಪ್ಪಾಗಿದ್ದವು.

"ಮಕ್ಕಳ ಜೊತೆ ನಮಗೆ ಸುಲಭ ಆಯ್ತು," ಎಂದ ಅಧ್ಯಕ್ಷ. "ಈ ಅಜ್ಜಿಯರ ಹತ್ತಿರ ಮಾತ್ರ ಕಷ್ಟ. ಪ್ರಾರ್ಥನೆ ಮುಗಿದರೂ ನಮ್ಮ ಕೈ ಹಿಡಿದುಕೊಂಡು ಕೂತಿರುತ್ತಿದ್ದರು, ಬಿಡುತ್ತಿರಲಿಲ್ಲ. ಏನು ಮಾತಾಡಬೇಕು ಅಂತ ನಮಗೆ ಗೊತ್ತಾಗಲಿಲ್ಲ."

ಅತ್ತೆಗೆ ಗೊತ್ತಾಗುತ್ತಿತ್ತು. ಆ ತೋಟದವರ ತಮಿಳು ಬಾರದಿದ್ದರೂ ಗೊತ್ತಾಗುತ್ತಿತ್ತು. ಆ ಕೈಯನ್ನು ತಿರುಗಿಸಿ ನೋಡಿ, ತನ್ನ ಕೈ ಪಕ್ಕಕ್ಕಿಟ್ಟು, ಎಲೆಯ ಮಾತು ತೆಗೆದುಬಿಡುತ್ತಿದ್ದಳು. ಪಕ್ಕಕ್ಕೆ ನೋಡಿದೆ. ಅವಳು ಪರದೆ ನೋಡುತ್ತಿರಲಿಲ್ಲ. ಮಡಿಲಲ್ಲಿ ಬಿಡಿಸಿಟ್ಟ ತನ್ನ ರೇಖೆಯಿಲ್ಲದ ಬೆರಳುಗಳನ್ನು ನೋಡುತ್ತಿದ್ದಳು.

ಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕಿದೆ. ಅತ್ತೆ ಅನ್ನಕ್ಕೆ ಅಕ್ಕಿ ತೆಗೆಯಲು ಬಾಗಿದಳು.

"ಇರು ಅತ್ತೆ, ನಾನು ತೆಗೀತೀನಿ."

"ಬುಡು. ಡಬ್ಬ ಈಗೇನು ಅಲ್ಲಾಡಲ್ವಲ್ಲ."

ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ನಿನಗೆ ಯಾವಾಗ ಗೊತ್ತಾಯ್ತು?"

"ನೀನು ಇಟ್ಟ ದಿನಾನೇ. ಮನೆ ಕಟ್ಟಿದಾಗ್ಲಿಂದ ಅಲ್ಲಾಡ್ತಿದ್ ಡಬ್ಬ ಗಪ್ ಅಂತ ನಿಂತೋದ್ರೆ ಬಗ್ಗಿ ನೋಡ್ಬಾರ್ದಾ?"

"ಫ್ರಿಜ್ಜಿನ ಮೇಲೆ ಇಟ್ಟಿದ್ದೂ ನೀನೇನಾ? ನಾನು ಇವರು ಅಂದ್ಕೊಂಡಿದ್ದೆ."

"ನಿನ್ ಗಂಡನಾ! ಅವ್ನಿಗೆ ಅಕ್ಕಿ ಡಬ್ಬ ಯಾವ ಮೂಲೇಲಿ ಅದೆ ಅಂತಾನಾದ್ರೂ ಗೊತ್ತಾ?"

"ನನ್ನನ್ನ ಕೇಳಬಹುದಿತ್ತಲ್ಲ ಅತ್ತೆ. ಬೈಯಬಹುದಿತ್ತಲ್ಲ."

ಅವಳು ಅಕ್ಕಿಯಲ್ಲಿ ಒಂದು ಕಲ್ಲು ಆರಿಸಿ ಎಸೆದಳು. "ಕೇಳಿದ್ರೆ ನೀನು ಇಲ್ಲ ಅಂತಿದ್ದೆ ಕಣೇ. ಬಾಯ್ಬುಟ್ಟು ಇಲ್ಲ ಅಂದ್ಮೇಲೆ ಇಬ್ರೂ ಒಂದೇ ಒಲೆ ಮುಂದೆ ಹೆಂಗೆ ನಿಂತ್ಕಳದು?"

ಅವಳಿಗೆ ಮದುವೆ ಯಾಕಾಗಲಿಲ್ಲ ಎಂದು ನಾನಿನ್ನೂ ಹೇಳಿಲ್ಲ. ನನ್ನ ತಾಯಿ ತೀರಿಕೊಂಡಾಗ ನನಗೆ ಆರು ವರ್ಷ, ಅತ್ತೆಗೆ ಇಪ್ಪತ್ತೈದು. ನೋಡಲು ಬಂದವರೆಲ್ಲ ಅವಳ ಸೊಂಟಕ್ಕೆ ಆತುಕೊಂಡು ನಿಂತ ಮಗುವನ್ನು ತೋರಿಸಿ, "ಇದೂ ಬರುತ್ತಾ?" ಎಂದು ಕೇಳಿದರಂತೆ. "ಬತ್ತದೆ" ಅಂದಳಂತೆ. ಅಲ್ಲಿಗೆ ಅವಳು ಶಾಶ್ವತವಾಗಿ ಯುವತಿಯಾದಳು.

ನನಗೆ ಹದಿನಾರು ತುಂಬಿದಾಗ ಸಂಘದ ಕ್ಯಾಂಪು ಊಟಿಯ ಹತ್ತಿರವಿತ್ತು. ಅಪ್ಪ ಹೆಣ್ಣುಮಗಳನ್ನು ಕಳಿಸುವುದಿಲ್ಲವೆಂದು ಫಾರಂ ಎಸೆದರು. ಬ್ಯಾರನ್ನಿನಿಂದ ಆಗತಾನೆ ಬಂದಿದ್ದ ಅತ್ತೆ ಅದನ್ನು ಎತ್ತಿಕೊಂಡು, ಸೊಪ್ಪಿನ ಅಂಟು ಮೆತ್ತಿದ ಕೈಯಲ್ಲೇ ತನ್ನ ಹೆಸರು ಬರೆದಳು. ಕೈ ತೊಳೆಯಲೂ ಕಾಯಲಿಲ್ಲ. "ಸಂಬಂಧ" ಎನ್ನುವ ಜಾಗದಲ್ಲಿ "ಜವಾಬ್ದಾರಿ ನಂದು" ಎಂದು ಬರೆದಳು. ನಾನು ಊಟಿ ನೋಡಿ ಬಂದೆ. ಅವಳು ಬ್ಯಾರನ್ನಿಗೆ ಹೋದಳು.

ಸೌಟು ಇಟ್ಟು, ಕೈ ತೊಳೆದು, ಡಬ್ಬ ಓರೆ ಮಾಡಿ ಫಾರಂ ತೆಗೆದೆ. ಮಡಿಕೆಗಳಲ್ಲಿ ಹರಿಯುವ ಹಾಗಾಗಿತ್ತು. ಸಹಿ ಹಾಕಿದೆ. ಪಕ್ಕದ ಜಾಗದಲ್ಲಿ "ಮಗಳು" ಎಂದು ಬರೆದು ಅವಳ ಕೈಗೆ ಕೊಟ್ಟೆ.

ಅತ್ತೆ ಕಾಗದವನ್ನು ದೂರ ಹಿಡಿದು ಓದಿದಳು. ಹೆಬ್ಬೆರಳು ತೋರುಬೆರಳ ನಡುವೆ ಅದರ ಅಂಚನ್ನು ತೀಡಿ ನೋಡಿದಳು.

"ಅಕ್ಷರ ಮೀಡಿಯಮ್ಮು," ಅಂದಳು ಕೊನೆಗೆ. ಮತ್ತೆ ನಾಲ್ಕು ಮಡಿಕೆ ಮಾಡಿದಳು. ಬಾಗಿ ಡಬ್ಬದ ಕೆಳಗೆ ಸಿಕ್ಕಿಸಿದಳು. "ಇಮಾನ ಹೋಗಿ ಬಂದಾಯ್ತು. ಡಬ್ಬನಾರೂ ನೆಟ್ಟಗೆ ನಿಂತಿರ್ಲಿ."

ಊಟಕ್ಕೆ ಮುದ್ದೆ, ಕೋಳಿಸಾರು, ಅನ್ನ, ಈರುಳ್ಳಿ. ಅತ್ತೆ ಒಂದು ಮುದ್ದೆ ಉಂಡಳು, ನಾನು ಅರ್ಧ. ನಮ್ಮ ಮನೆಯವರು ಸಾರು ಇವತ್ತು ಉಪ್ಪಾಗಿದೆ ಎಂದರು. ಅತ್ತೆ, "ಸರ್ಯಾಗದೆ, ಉಣ್ಣಪ್ಪ" ಅಂದಳು. ಪಾತ್ರೆ ತೊಳೆದು ಬರುವಷ್ಟರಲ್ಲಿ ಮೊದಲು ನಿದ್ದೆ ಹೋಗಿದ್ದವಳು ಅವಳೇ. ನಡುಮನೆಯ ಚಾಪೆಯ ಮೇಲೆ, ಹಾಡಿನ ಪುಸ್ತಕ ತಲೆಯ ಹತ್ತಿರ, ಎರಡು ಕಾಲೂ ನೆಟ್ಟಗೆ ಚಾಚಿಕೊಂಡು.